ಶಸ್ತ್ರಕ್ಕೂ ಮುನ್ನ ಸಕ್ಕರೆಯ ಸಾಕ್ಷಿ

ಇವತ್ತು ಬೆಳಗ್ಗೆ ನೀವು ಪೇಪರು ಓದುತ್ತಾ ಕಾಫಿ ಕುಡಿಯುತ್ತಿದ್ದ ಹೊತ್ತಿಗೆ, ಯಾವುದೋ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಂಬಳಿ ಹೊದ್ದು ಸುಮ್ಮನೆ ಮಲಗಿದ್ದ ಒಬ್ಬರ ಮೈಯೊಳಗೆ ಪ್ರತಿದ್ರವ್ಯ ಹುಟ್ಟಿ ಸಾಯುತ್ತಿತ್ತು. ಹೌದು, ಪ್ರತಿದ್ರವ್ಯವೇ! ಕಾದಂಬರಿಗಳಲ್ಲಿ ಅಂತರಿಕ್ಷ ನೌಕೆ ಓಡಿಸುವ, ಸಿನಿಮಾಗಳಲ್ಲಿ ಊರಿಗೆ ಊರೇ ಹಾರಿಸುವ ಅದೇ ಪ್ರತಿದ್ರವ್ಯ. 10 ಮಿಲಿಕ್ಯೂರಿ ವಿಕಿರಣಶೀಲ ಮದ್ದು ನರಕ್ಕೆ ಇಳಿಯಿತೆಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 37 ಕೋಟಿ ಪಾಸಿಟ್ರಾನ್‌ಗಳು, ಅಂದರೆ ಎಲೆಕ್ಟ್ರಾನಿನ ಪ್ರತಿಕಣಗಳು, ಹುಟ್ಟತೊಡಗುತ್ತವೆ. ಹುಟ್ಟಿದ ಪಾಸಿಟ್ರಾನ್ ಸರಾಸರಿ ಒಂದು ಮಿಲಿಮೀಟರು ಕೂಡ ಸಾಗುವುದಿಲ್ಲ, ಅಷ್ಟರಲ್ಲಿ ಯಾವುದೋ ಎಲೆಕ್ಟ್ರಾನ್ ಎದುರಾಗಿ ಎರಡೂ ಇಲ್ಲವಾಗುತ್ತವೆ. ಇಲ್ಲವಾದ ಜಾಗದಿಂದ ಎರಡು ಗಾಮಾ ಕಿರಣಗಳು, ಒಂದು ಈ ದಿಕ್ಕಿಗೆ, ಇನ್ನೊಂದು ಅದರ ನೇರ ಎದುರು ದಿಕ್ಕಿಗೆ, ಬೆಳಕಿನ ವೇಗದಲ್ಲಿ ಹೊರಟುಬಿಡುತ್ತವೆ. ಮಲಗಿದವರಿಗೆ ಇದಾವುದರ ಸುಳಿವೂ ಇಲ್ಲ. ನೋವಿಲ್ಲ, ಉರಿಯಿಲ್ಲ. ಹೆಚ್ಚೆಂದರೆ ಹೊಟ್ಟೆ ಚುರುಗುಟ್ಟುತ್ತಿದೆ, ಯಾಕೆಂದರೆ ತಿಂಡಿ ತಿನ್ನದೆ ಬನ್ನಿ ಎಂದಿದ್ದರು.

ಇಷ್ಟೆಲ್ಲ ಗದ್ದಲ ಒಂದೇ ಪ್ರಶ್ನೆಗೆ ಉತ್ತರ ಹುಡುಕಲು: ಈ ಮನುಷ್ಯನಿಗೆ ಆಪರೇಷನ್ ಮಾಡಬೇಕೆ, ಬೇಡವೆ?

ಶ್ವಾಸಕೋಶದ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಸಿ.ಟಿ. ಸ್ಕ್ಯಾನಿನಲ್ಲಿ ಬಲಗಡೆ ಮೇಲುಭಾಗದಲ್ಲಿ ಒಂದು ಗಡ್ಡೆ ಕಂಡಿದೆ. ಸೂಜಿ ಹಾಕಿ ಪರೀಕ್ಷಿಸಿದ್ದಾರೆ, ಕ್ಯಾನ್ಸರ್ ಹೌದು. ಅದನ್ನು ಕುಯ್ದು ತೆಗೆಯುವ ವಿದ್ಯೆ ಸರ್ಜನ್ ಕೈಯಲ್ಲಿದೆ. ಗಡ್ಡೆ ಎಲ್ಲಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಅದು ಇನ್ನೆಲ್ಲೆಲ್ಲಿ ಇದೆ ಎಂಬುದೇ ಗೊತ್ತಿಲ್ಲ. ಎರಡು ಶ್ವಾಸಕೋಶಗಳ ನಡುವೆ, ಹೃದಯದ ಹಿಂದೆ ಮುಂದೆ, ಶ್ವಾಸನಾಳದ ಅಕ್ಕಪಕ್ಕ ಸಣ್ಣ ಸಣ್ಣ ದುಗ್ಧಗ್ರಂಥಿಗಳ ಸಾಲೇ ಇದೆ. ಕ್ಯಾನ್ಸರ್ ಅಲ್ಲಿಗೆ ದಾಟಿದೆಯೋ? ಅದರಲ್ಲೂ ಎದುರು ಬದಿಯ ಗ್ರಂಥಿಗೆ ಹಾರಿದೆಯೋ? ಕಿಡ್ನಿಯ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಯಲ್ಲಿ, ಸೊಂಟದ ಮೂಳೆಯಲ್ಲಿ, ಲಿವರಿನಲ್ಲಿ ಆಗಲೇ ಬೀಡುಬಿಟ್ಟಿದೆಯೋ? ಮನೆಯವರು ಬಾಗಿಲ ಹೊರಗೆ ನಿಂತು "ಎಷ್ಟನೇ ಸ್ಟೇಜು ಡಾಕ್ಟ್ರೇ?" ಎಂದು ಕೇಳುವುದು ಇದನ್ನೇ. ಫ್ರಾನ್ಸಿನ ಸರ್ಜನ್ ಪಿಯರ್ ಡೆನ್ವಾ 1940ರ ದಶಕದಲ್ಲಿ ಇದಕ್ಕೊಂದು ಲೆಕ್ಕಪುಸ್ತಕ ಹಾಕಿಕೊಟ್ಟರು. ಟಿ ಎಂದರೆ ಮೂಲ ಗಡ್ಡೆ, ಎನ್ ಎಂದರೆ ದುಗ್ಧಗ್ರಂಥಿ, ಎಂ ಎಂದರೆ ದೂರದ ಅಂಗಗಳಿಗೆ ಹರಡಿದ್ದು. ಇಂದಿಗೂ ಜಗತ್ತಿನ ಕ್ಯಾನ್ಸರ್ ಆಸ್ಪತ್ರೆಗಳು ಈ ಮೂರು ಅಕ್ಷರಗಳಲ್ಲೇ ಮಾತಾಡುತ್ತವೆ.

ಸಿ.ಟಿ. ಸ್ಕ್ಯಾನ್ ಗ್ರಂಥಿಗಳ ಗಾತ್ರ ನೋಡಿ ತೀರ್ಪು ಕೊಡುತ್ತದೆ. ಒಂದು ಸೆಂಟಿಮೀಟರಿಗಿಂತ ದಪ್ಪಗಿದ್ದರೆ ಅನುಮಾನ, ಇಲ್ಲದಿದ್ದರೆ ಸರಿ. ಆದರೆ ಕ್ಯಾನ್ಸರ್ ಅಳತೆಪಟ್ಟಿಗೆ ಬಗ್ಗುವುದಿಲ್ಲ. ಆರು ಮಿಲಿಮೀಟರಿನ ಗ್ರಂಥಿಯಲ್ಲಿ ಅದು ತಣ್ಣಗೆ ಕೂತಿರಬಹುದು, ಎರಡು ಸೆಂಟಿಮೀಟರಿಗೆ ಊದಿದ ಗ್ರಂಥಿಯಲ್ಲಿ ಹಳೆಯ ಸೋಂಕಿನ ಬಾವು ಬಿಟ್ಟು ಬೇರೇನೂ ಇಲ್ಲದಿರಬಹುದು. ಗಾತ್ರ ಸುಳ್ಳು ಹೇಳುತ್ತದೆ. ಹಾಗಾದರೆ ಏನನ್ನು ಕೇಳಬೇಕು? ಹಸಿವನ್ನು!

1920ರ ದಶಕದಲ್ಲಿ ಬರ್ಲಿನ್ನಿನ ಪ್ರಯೋಗಾಲಯದಲ್ಲಿ ಆಟೊ ವಾರ್ಬರ್ಗ್ ಗಡ್ಡೆಗಳನ್ನು ತೆಳ್ಳಗೆ ಹಚ್ಚಿ, ಆ ಎಳೆಗಳು ಏನು ತಿನ್ನುತ್ತವೆ, ಎಷ್ಟು ಉಸಿರಾಡುತ್ತವೆ ಎಂದು ಅಳೆಯುತ್ತಿದ್ದರು. ಆರೋಗ್ಯವಂತ ಜೀವಕೋಶ ಆಮ್ಲಜನಕ ಸಿಕ್ಕಾಗ ಗ್ಲೂಕೋಸನ್ನು ಕೊನೆಯವರೆಗೂ ಉರಿಸಿ ಅದರ ಪೂರ್ತಿ ಲಾಭ ಪಡೆಯುತ್ತದೆ. ಗಡ್ಡೆಯ ಕೋಶ ಹಾಗಲ್ಲ. ಆಮ್ಲಜನಕ ಬೇಕಾದಷ್ಟಿದ್ದರೂ ಗ್ಲೂಕೋಸನ್ನು ಅರ್ಧಕ್ಕೇ ಮುರಿದು ಲ್ಯಾಕ್ಟಿಕ್ ಆಮ್ಲವಾಗಿ ಉಗುಳಿಬಿಡುತ್ತದೆ. ಇಂಥ ದುಂದುವೆಚ್ಚ ಮಾಡುವವನಿಗೆ ಎಷ್ಟು ಇದ್ದರೂ ಸಾಲದಲ್ಲ! ಹಾಗಾಗಿ ರಕ್ತದಿಂದ ಸಕ್ಕರೆಯನ್ನು ಸೇದಿ ಸೇದಿ ಎಳೆದುಕೊಳ್ಳುತ್ತದೆ. ವಾರ್ಬರ್ಗ್ ಕ್ಯಾನ್ಸರಿನ ಮೂಲಕಾರಣವೇ ಇದು ಎಂದು ಕೊನೆಯವರೆಗೂ ಹಟ ಹಿಡಿದರು. ಆ ಹಟವನ್ನು ವಿಜ್ಞಾನ ಒಪ್ಪಲಿಲ್ಲ, ಅವರು ಕಂಡದ್ದನ್ನು ಮಾತ್ರ ಒಪ್ಪಿತು. ಕ್ಯಾನ್ಸರಿನ ಈ ಹೊಟ್ಟೆಬಾಕತನ ಮುಂದೊಂದು ದಿನ ಅದನ್ನೇ ಹಿಡಿದುಕೊಡುತ್ತದೆ ಎಂಬ ಅಂದಾಜು ಆಗ ಯಾರಿಗೂ ಇರಲಿಲ್ಲ.

ಅದೇ ಕಾಲಕ್ಕೆ, ಇದರ ಗಂಧಗಾಳಿಯೂ ಇಲ್ಲದ ಇನ್ನೊಂದು ಲೋಕದಲ್ಲಿ, ಕೇಂಬ್ರಿಜ್‌ನ ಮಿತಭಾಷಿ ಪಾಲ್ ಡಿರಾಕ್ ಎಲೆಕ್ಟ್ರಾನಿಗಾಗಿ ಒಂದು ಸಮೀಕರಣ ಬರೆದರು. ಅದು 1928. ಆ ಸಮೀಕರಣಕ್ಕೆ ಬೇಡದ ಒಂದು ಹೆಚ್ಚುವರಿ ಉತ್ತರ ಅಂಟಿಕೊಂಡಿತ್ತು. ಬೇರೆಯವರಾಗಿದ್ದರೆ ಅದನ್ನು ಒರೆಸಿ ಹಾಕುತ್ತಿದ್ದರೇನೋ. ಡಿರಾಕ್ ಒರೆಸಲಿಲ್ಲ. 1931ರಲ್ಲಿ, ಎಲೆಕ್ಟ್ರಾನಿನಷ್ಟೇ ತೂಕದ, ಆದರೆ ಧನ ವಿದ್ಯುದಂಶದ ಕಣವೊಂದು ಇರಲೇಬೇಕು ಎಂದರು. ಮರುವರ್ಷ ಆಗಸ್ಟ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಕಾರ್ಲ್ ಆಂಡರ್ಸನ್ ತೆಗೆದ ಫೋಟೋ ಒಂದರಲ್ಲಿ, ಕಣಗಳ ಜಾಡು ತೋರಿಸುವ ಮೇಘಕೋಷ್ಠದ ಮಂಜಿನೊಳಗೆ, ಸೀಸದ ತಗಡನ್ನು ತೂರಿ ತಿರುಗಬಾರದ ಕಡೆಗೆ ತಿರುಗಿದ ಒಂದು ಸಣ್ಣ ಗೆರೆ! ಅದೇ ಪಾಸಿಟ್ರಾನ್. ಕಾಗದದ ಮೇಲಿನ ಗಣಿತಕ್ಕೆ ಆಕಾಶದಿಂದ ಬಂದ ಕಣವೊಂದು ಸಹಿ ಹಾಕಿತ್ತು.

ಇಲ್ಲಿ ನಮ್ಮವರೊಬ್ಬರು ಬರುತ್ತಾರೆ. ಅದೇ ಕೇಂಬ್ರಿಜ್‌ನಲ್ಲಿದ್ದ ಹೋಮಿ ಭಾಭಾ 1930ರ ದಶಕದ ನಡುವಿನಲ್ಲಿ, ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಎದುರುಬದುರಾದಾಗ ಹೇಗೆ ಚದುರುತ್ತವೆ ಎಂಬ ಲೆಕ್ಕ ಮಾಡಿದರು. ಜಗತ್ತಿನ ಭೌತವಿಜ್ಞಾನಿಗಳು ಇಂದಿಗೂ ಅದನ್ನು ಭಾಭಾ ಚದುರಿಕೆ ಎಂದೇ ಕರೆಯುತ್ತಾರೆ. 1939ರಲ್ಲಿ ರಜೆಗೆಂದು ಊರಿಗೆ ಬಂದವರು ಮಹಾಯುದ್ಧ ಶುರುವಾದ್ದರಿಂದ ಇಲ್ಲೇ ಉಳಿದು, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಸರ್ ಸಿ. ವಿ. ರಾಮನ್ ಇದ್ದ ಅದೇ ಆವರಣದಲ್ಲಿ, ಪಾಠ ಮಾಡಿದರು, ಸಂಶೋಧನೆ ಮುಂದುವರಿಸಿದರು. ಅವರ ಹೆಸರು ಹೊತ್ತ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸೇರಿದ ಮುಂಬೈನ ವಿಕಿರಣ ವೈದ್ಯಕೀಯ ಕೇಂದ್ರ 2002ರಲ್ಲಿ ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನನ್ನೂ, ಪಾಸಿಟ್ರಾನುಗಳ ಜಾಡು ಹಿಡಿದು ಮೈಯೊಳಗಿನ ಚಿತ್ರ ಕೊಡುವ ಮೊದಲ ಪೆಟ್ ಯಂತ್ರವನ್ನೂ ನಡೆಸಿತು. ಪಾಸಿಟ್ರಾನಿನ ಲೆಕ್ಕ ಹಾಕಿದವರ ಹೆಸರಿನ ಮನೆಯಲ್ಲೇ ಭಾರತದ ರೋಗಿಗಳಿಗೆ ಮೊದಲು ಪಾಸಿಟ್ರಾನ್ ಸಿಕ್ಕಿತು! ಇದನ್ನು ಯಾರೂ ಯೋಜಿಸಿರಲಿಲ್ಲ ಎಂಬುದೇ ನನಗೆ ಇನ್ನೂ ಸೊಗಸಾಗಿ ಕಾಣುತ್ತದೆ.

ಈಗ ಎರಡು ಲೋಕಗಳೂ ಸೇರಬೇಕು. ಸಕ್ಕರೆ ಒಂದು ಕಡೆ, ಪಾಸಿಟ್ರಾನ್ ಇನ್ನೊಂದು ಕಡೆ.

ಸೇರಿಸಿದ್ದು 1976ರಲ್ಲಿ. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿರುವ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಜಪಾನಿನ ತತ್ಸುಓ ಇಡೊ, ಜೊತೆಗೆ ಆಲ್ಫ್ರೆಡ್ ವುಲ್ಫ್ ಮತ್ತು ಜೊಆನ್ನಾ ಫೌಲರ್, ಈ ಮೂವರು ಕೆಮಿಸ್ಟ್‌ಗಳು ಗ್ಲೂಕೋಸಿನ ಎರಡನೇ ಇಂಗಾಲಕ್ಕೆ ಅಂಟಿದ ಆಮ್ಲಜನಕ, ಜಲಜನಕದ ಜೋಡಿಯನ್ನು ತೆಗೆದು ಆ ಜಾಗದಲ್ಲಿ ವಿಕಿರಣಶೀಲ ಫ್ಲೋರಿನ್-18ರ ಒಂದು ಪರಮಾಣುವನ್ನು ಕೂರಿಸಿದರು. ಫ್ಲೋರೊ ಡಿಆಕ್ಸಿಗ್ಲೂಕೋಸ್, ಆಸ್ಪತ್ರೆಯವರ ಬಾಯಲ್ಲಿ ಎಫ್‌ಡಿಜಿ. ಫ್ಲೋರಿನ್-18ರ ಅರ್ಧಾಯುಷ್ಯ ಬರೀ 110 ನಿಮಿಷ. ಮಾಡಿಟ್ಟ ಸಕ್ಕರೆ ಕಪಾಟಿನಲ್ಲಿ ಕೂರುವ ಸರಕಲ್ಲ, ಎರಡು ಗಂಟೆ ಕಳೆಯುವುದರೊಳಗೆ ಅರ್ಧಕ್ಕರ್ಧ ಮಾಯ! ಪರೀಕ್ಷೆಗೆ ಕಾದಿದ್ದವರು ಇದ್ದದ್ದು ಫಿಲಡೆಲ್ಫಿಯಾದಲ್ಲಿ. ಹಾಗಾಗಿ ಮದ್ದು ವಿಮಾನ ಹತ್ತಿತು. ಆಗಸ್ಟ್ ತಿಂಗಳಲ್ಲಿ ಅಲ್ಲಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, ಇರಾನಿನಲ್ಲಿ ಹುಟ್ಟಿ ಬೆಳೆದ ವೈದ್ಯ ಅಬ್ಬಾಸ್ ಅಲವಿ ಇಬ್ಬರು ಆರೋಗ್ಯವಂತ ಸ್ವಯಂಸೇವಕರಿಗೆ ಅದನ್ನು ಚುಚ್ಚಿದರು. ಮನುಷ್ಯನ ರಕ್ತಕ್ಕೆ ಎಫ್‌ಡಿಜಿ ಇಳಿದದ್ದು ಅದೇ ಮೊದಲು. ಅವರ ಕಣ್ಣಿದ್ದದ್ದು ಮಿದುಳಿನ ಮೇಲೆ. ಯೋಚಿಸುವ ಮಿದುಳು ಎಲ್ಲೆಲ್ಲಿ ಸಕ್ಕರೆ ಉರಿಸುತ್ತದೆ ಎಂದು ನೋಡಬೇಕಿತ್ತು, ಅಷ್ಟೇ. ನಾಲ್ಕು ವರ್ಷದ ನಂತರ, 1980ರಲ್ಲಿ, ಬ್ರೂಕ್‌ಹೇವನ್‌ನ ಸಂಶೋಧಕರೇ ಪ್ರಾಣಿಗಳ ಗಡ್ಡೆಗಳು ಈ ಸಕ್ಕರೆಯನ್ನು ಗಬಗಬನೆ ನುಂಗುವುದನ್ನು ಪ್ರಕಟಿಸಿದರು. ವಾರ್ಬರ್ಗ್ ತೀರಿಕೊಂಡು ಆಗ ಹತ್ತು ವರ್ಷವಾಗಿತ್ತು.

ನುಂಗಿದ ಮೇಲೆ ಏನಾಗುತ್ತದೆ? ನನ್ನ ಮಟ್ಟಿಗೆ ಇಡೀ ಕಥೆಯ ಅತಿ ಸುಂದರ ತಿರುವು ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಜೀವಕೋಶದ ಬಾಗಿಲಿಗೆ ಎಫ್‌ಡಿಜಿ ಮತ್ತು ಗ್ಲೂಕೋಸ್ ನಡುವೆ ವ್ಯತ್ಯಾಸ ತಿಳಿಯುವುದಿಲ್ಲ, ಎರಡನ್ನೂ ಒಳಗೆ ಬಿಡುತ್ತದೆ. ಒಳಗಿರುವ ಹೆಕ್ಸೊಕೈನೇಸ್ ಎಂಬ ಕಿಣ್ವಕ್ಕೂ ತಿಳಿಯುವುದಿಲ್ಲ, ಎರಡಕ್ಕೂ ಒಂದೊಂದು ಫಾಸ್ಫೇಟ್ ಅಂಟಿಸುತ್ತದೆ. ಫಾಸ್ಫೇಟ್ ಅಂಟಿತೆಂದರೆ ಮತ್ತೆ ಹೊರಗೆ ಬರುವಂತಿಲ್ಲ. ಮಾಮೂಲಿ ಗ್ಲೂಕೋಸ್ ಮುಂದಿನ ಹಂತಕ್ಕೆ ಸಾಗುತ್ತದೆ. ಎಫ್‌ಡಿಜಿಗೆ ಮಾತ್ರ ಸಾಗಲಾಗದು, ಯಾಕೆಂದರೆ ಮುಂದಿನ ಕಿಣ್ವ ಕೈಯಿಟ್ಟು ಹಿಡಿಯಬೇಕಾದ ಜಾಗದಲ್ಲೇ ಫ್ಲೋರಿನ್ ಕೂತಿದೆ. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ. ಮಳೆಗಾಲದ ಮೊದಲ ನೀರಿಗೆ ಹತ್ತಿ ಬಂದ ಮೀನು ಮಲೆನಾಡಿನ ಬಿದಿರ ಕೂಣಿಯೊಳಗೆ ಸಿಕ್ಕಿಕೊಂಡಂತೆ, ಅಲ್ಲೇ ಗುಂಪುಗಟ್ಟುತ್ತದೆ. ಯಾವ ಕೋಶಕ್ಕೆ ಹಸಿವು ಹೆಚ್ಚೋ ಅಲ್ಲಿ ರಾಶಿ ದೊಡ್ಡದು.

ಆಮೇಲೆ? ಫ್ಲೋರಿನ್-18 ಪಾಸಿಟ್ರಾನನ್ನು ಹೊರಹಾಕಿದ ಕ್ಷಣವೇ ಅದು ಫ್ಲೋರಿನ್ ಆಗಿ ಉಳಿಯುವುದಿಲ್ಲ. ಆಮ್ಲಜನಕ ಆಗಿಬಿಡುತ್ತದೆ! ಆಮ್ಲಜನಕ-18, ಸ್ವಲ್ಪ ಹೆಚ್ಚು ತೂಕದ, ಆದರೆ ವಿಕಿರಣವಿಲ್ಲದ, ನಿರುಪದ್ರವಿ ಆಮ್ಲಜನಕ. ಅದು ಸುತ್ತಲಿನಿಂದ ಒಂದು ಜಲಜನಕವನ್ನು ಎಳೆದುಕೊಂಡರೆ, ಕೆಮಿಸ್ಟ್‌ಗಳು ಕಿತ್ತುಹಾಕಿದ್ದ ಆ ಹಳೆಯ ಜೋಡಿ ಅದೇ ಜಾಗದಲ್ಲಿ ಮತ್ತೆ ಕೂತಂತಾಯಿತು. ನಕಲಿ ಸಕ್ಕರೆ ಅಸಲಿ ಸಕ್ಕರೆಯಾಯಿತು. ಇಷ್ಟು ಹೊತ್ತು ಸಿಕ್ಕಿಬಿದ್ದಿದ್ದದ್ದು ಈಗ ಮಾಮೂಲಿ ದಾರಿ ಹಿಡಿದು ಕೋಶದ ಆಹಾರವಾಗುತ್ತದೆ. ಸಾಕ್ಷಿ ಹೇಳಿ ಮುಗಿದೊಡನೆ ಸಾಕ್ಷಿಯೇ ಊಟ! ಇನ್ನೂ ಒಂದು ಸುತ್ತಿದೆ. 1986ರಲ್ಲಿ ಜರ್ಮನಿಯ ಯೂಲಿಶ್‌ನಲ್ಲಿ ಹಮಾಖರ್, ಕೋನೆನ್, ಸ್ಟೋಕ್ಲಿನ್ ಎಂಬ ಮೂವರು ರೂಪಿಸಿದ ಸುಲಭ ವಿಧಾನದಿಂದಾಗಿ, ಇಂದು ಎಫ್‌ಡಿಜಿಗೆ ಬೇಕಾದ ಫ್ಲೋರಿನ್ ಎಲ್ಲ ಕಡೆ ತಯಾರಾಗುವುದು ನೀರಿನಿಂದ. ಆಮ್ಲಜನಕ-18 ತುಂಬಿದ ವಿಶೇಷ ನೀರಿಗೆ ಸೈಕ್ಲೋಟ್ರಾನ್ ಯಂತ್ರ ಪ್ರೋಟಾನುಗಳ ಸುರಿಮಳೆ ಸುರಿಸುತ್ತದೆ, ಆಮ್ಲಜನಕ ಫ್ಲೋರಿನ್ ಆಗುತ್ತದೆ, ಸಕ್ಕರೆಗೆ ಅಂಟುತ್ತದೆ, ಮೈಯೊಳಗೆ ಹೋಗಿ ಮತ್ತೆ ಆಮ್ಲಜನಕವಾಗುತ್ತದೆ. ಒಂದೇ ದಿನದಲ್ಲಿ ಒಂದು ಪರಮಾಣುವಿನ ಹೋಗುವಿಕೆ, ಬರುವಿಕೆ!

ಪ್ರಮಾಣ ಕೇಳಿದರೆ ಇನ್ನೂ ತಲೆ ತಿರುಗುತ್ತದೆ. 10 ಮಿಲಿಕ್ಯೂರಿ ಮದ್ದಿನಲ್ಲಿ ವಿಕಿರಣ ಸೂಸುವ ಸಕ್ಕರೆಯ ಅಣುಗಳನ್ನಷ್ಟೇ ಬೇರೆ ಮಾಡಿ ತೂಗಿದರೆ, ಲೆಕ್ಕದ ಪ್ರಕಾರ, ಸುಮಾರು ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟರಿಂದಲೇ ನೆತ್ತಿಯಿಂದ ತೊಡೆಯವರೆಗಿನ ಚಿತ್ರ. ಆದರೆ ಗಡಿಯಾರ ಬಿಡುವುದಿಲ್ಲ. ಬೆಂಗಳೂರಿನಿಂದ ಮದ್ದು ಹೊತ್ತ ಗಾಡಿ ಮೂರು ಗಂಟೆಯಲ್ಲಿ ಮೈಸೂರು ಮುಟ್ಟಿತೆನ್ನಿ, ಸೀಸದ ಡಬ್ಬಿಯೊಳಗಿನ ಮೂರು ಪಾಲಿನಲ್ಲಿ ಎರಡು ಪಾಲು ದಾರಿಯಲ್ಲೇ ಕರಗಿಹೋಗಿರುತ್ತದೆ. ಅದಕ್ಕೇ ಪೆಟ್ ಸ್ಕ್ಯಾನಿಗೆ ಸಮಯ ಕೊಟ್ಟರೆ ಅರ್ಧ ಗಂಟೆಯೂ ತಡಮಾಡಬೇಡಿ ಎನ್ನುತ್ತಾರೆ. ಆಸ್ಪತ್ರೆಯವರ ಧಿಮಾಕು ಎಂದು ಗೊಣಗುವವರು ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಚುಚ್ಚಿದ ಮೇಲೆ ಸುಮಾರು ಒಂದು ಗಂಟೆ ಕಾಯಿಸುತ್ತಾರೆ. ಮಾತಾಡಬೇಡಿ ಎನ್ನುತ್ತಾರೆ, ಯಾಕೆಂದರೆ ಮಾತಾಡಿದರೆ ಗಂಟಲಿನ ಸ್ನಾಯುಗಳು ಸಕ್ಕರೆ ಹೀರಿ ಚಿತ್ರದಲ್ಲಿ ಮಿನುಗುತ್ತವೆ! ಏನನ್ನೋ ಜಗಿಯುತ್ತಿದ್ದರೆ ದವಡೆ ಬೆಳಗುತ್ತದೆ. ಹಿಂದಿನ ದಿನ ಜಿಮ್ಮಿನಲ್ಲಿ ಭಾರ ಎತ್ತಿದ್ದರೆ ತೋಳು, ತೊಡೆ. ಚಳಿಯಾದರೆ ಕತ್ತಿನ ಬುಡದ ಕಂದು ಕೊಬ್ಬು ಮೈ ಕಾಯಿಸಲು ಹೊರಟು ಅದೂ ಉರಿಯುತ್ತದೆ, ಕಂಬಳಿ ಹೊದಿಸುವುದು ಅದಕ್ಕೇ. ಎಡ ಶ್ವಾಸಕೋಶದ ಗಡ್ಡೆ ಧ್ವನಿಪೆಟ್ಟಿಗೆಯ ನರವನ್ನು ತಿಂದುಹಾಕಿದ್ದರೆ ಎಡ ಧ್ವನಿತಂತು ಅಲುಗುವುದಿಲ್ಲ, ಚಿತ್ರದಲ್ಲಿ ಬಲದ್ದು ಮಾತ್ರ ಹೊಳೆಯುತ್ತದೆ. ಅನುಭವಿ ವೈದ್ಯರು ಆ ಹೊಳಪನ್ನು ನೋಡಿ ರೋಗಿಯ ದನಿ ಒಡೆದಿದೆಯೆಂದು ಅವರನ್ನು ಮಾತಾಡಿಸದೆಯೇ ಹೇಳಬಲ್ಲರು. ಮಿದುಳಂತೂ ಸದಾ ಧಗಧಗ. ಮೂತ್ರಕೋಶವೂ ಹಾಗೇ, ಯಾಕೆಂದರೆ ಕಿಡ್ನಿ ಗ್ಲೂಕೋಸನ್ನು ಜೋಪಾನವಾಗಿ ಮರಳಿ ತೆಗೆದುಕೊಂಡರೂ ಎಫ್‌ಡಿಜಿಯನ್ನು ಗುರುತು ಹಿಡಿದು ಹೊರಗೆ ಕಳಿಸುತ್ತದೆ. ಕ್ಯಾನ್ಸರ್ ಕೋಶ ಮೋಸಹೋದದ್ದಕ್ಕೆ ಕಿಡ್ನಿ ಮೋಸಹೋಗುವುದಿಲ್ಲ ನೋಡಿ!

ಆಮೇಲೆ ಯಂತ್ರದ ಸರದಿ. ರೋಗಿಯ ಸುತ್ತ ಸಾವಿರಾರು ಹರಳುಗಳ ಉಂಗುರ. ಒಂದು ಹರಳಿಗೆ ಗಾಮಾ ಕಿರಣ ಬಡಿಯಿತು, ಅದೇ ಹೊತ್ತಿಗೆ ಎದುರಿನ ಇನ್ನೊಂದು ಹರಳಿಗೂ ಬಡಿಯಿತು ಎಂದರೆ, ಆ ಎರಡರ ನಡುವೆ ಎಳೆದ ಗೆರೆಯ ಮೇಲೆಲ್ಲೋ ಒಂದು ಪಾಸಿಟ್ರಾನ್ ಸತ್ತಿದೆ. ಇಂಥ ಕೋಟಿಗಟ್ಟಲೆ ಗೆರೆಗಳು ಎಲ್ಲಿ ಹೆಣೆದುಕೊಳ್ಳುತ್ತವೋ ಅಲ್ಲಿ ಸಕ್ಕರೆಯ ರಾಶಿ. ಈಗಿನ ಚುರುಕು ಯಂತ್ರಗಳು ಎರಡು ಕಿರಣಗಳಲ್ಲಿ ಯಾವುದು ಮೊದಲು ತಲುಪಿತು ಎಂಬುದನ್ನೂ, ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಕೆಲವು ನೂರು ಪಾಲಿನ ನಿಖರತೆಯಲ್ಲಿ, ಅಳೆದುಬಿಡುತ್ತವೆ. ಆದರೆ ಪೆಟ್ ಒಂದರಿಂದಲೇ ಸರ್ಜನ್‌ಗೆ ತೃಪ್ತಿಯಿರಲಿಲ್ಲ. ಬೆಳಕಿನ ಚುಕ್ಕೆಗಳೇನೋ ಕಾಣುತ್ತವೆ, ಅವು ಯಾವ ಅಂಗದಲ್ಲಿವೆ? ಡೇವಿಡ್ ಟೌನ್‌ಸೆಂಡ್ ಮತ್ತು ರೊನಾಲ್ಡ್ ನಟ್ ಪೆಟ್ಟನ್ನೂ ಸಿ.ಟಿ.ಯನ್ನೂ ಒಂದೇ ಯಂತ್ರಕ್ಕೆ ಸೇರಿಸಿದರು. 1998ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಅದರ ಮೊದಲ ಮಾದರಿ ರೋಗಿಗಳನ್ನು ನೋಡತೊಡಗಿತು. ಅಲ್ಲಿಂದಾಚೆಗೆ ಅಂಗರಚನೆಯ ನಕ್ಷೆಯ ಮೇಲೇ ಹಸಿವಿನ ನಕ್ಷೆ.

ಸರಿ, ಚಿತ್ರ ಚೆನ್ನಾಗಿದೆ. ಅದರಿಂದ ಯಾರಿಗಾದರೂ ಏನಾದರೂ ಆಯಿತೆ? ಈ ಪ್ರಶ್ನೆಯನ್ನು ಡಚ್ಚರು ನೇರವಾಗಿ ಕೇಳಿದರು. ನೆದರ್ಲೆಂಡ್ಸಿನ 9 ಆಸ್ಪತ್ರೆಗಳಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಎಂಬ ಅನುಮಾನದ ಮೇಲೆ ಆಪರೇಷನ್ನಿಗೆ ಹೊರಟಿದ್ದ 188 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 96 ಜನರಿಗೆ ಮಾಮೂಲಿ ಪರೀಕ್ಷೆಗಳು ಮಾತ್ರ, 92 ಜನರಿಗೆ ಅದರ ಜೊತೆ ಪೆಟ್ ಕೂಡ. ಆಮೇಲೆ ವ್ಯರ್ಥವಾದ ಆಪರೇಷನ್ನುಗಳನ್ನು ಎಣಿಸಿದರು. ವ್ಯರ್ಥ ಎಂದರೆ: ಎದೆ ತೆರೆದು ನೋಡಿದರೆ ಕ್ಯಾನ್ಸರೇ ಅಲ್ಲ, ಅಥವಾ ತೆಗೆಯಲಾಗದಷ್ಟು ಹರಡಿದೆ ಎಂದು ಹಾಗೇ ಮುಚ್ಚಿದ್ದು, ಅಥವಾ ಒಂದು ವರ್ಷದೊಳಗೆ ರೋಗ ಮರಳಿದ್ದು, ಇಲ್ಲವೆ ರೋಗಿಯೇ ತೀರಿಕೊಂಡದ್ದು. 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಓದಿದಾಗ ಬೆನ್ನಲ್ಲಿ ಛಳಕು ಹೊಡೆಯುತ್ತದೆ. ಪೆಟ್ ಇಲ್ಲದ ಗುಂಪಿನಲ್ಲಿ 39 ಜನರ ಎದೆ ವ್ಯರ್ಥವಾಗಿ ಸೀಳಲ್ಪಟ್ಟಿತ್ತು, ನೂರಕ್ಕೆ 41! ಪೆಟ್ ಇದ್ದ ಗುಂಪಿನಲ್ಲಿ 19, ನೂರಕ್ಕೆ 21. ಅಂದರೆ ಐದು ಜನಕ್ಕೆ ಒಮ್ಮೆ ಪೆಟ್ ಮಾಡಿದರೆ ಒಬ್ಬರ ಎದೆ ಉಳಿಯುತ್ತದೆ.

ಎದೆ ತೆರೆಯುವುದೆಂದರೆ ಏನೆಂದು ಗೊತ್ತಲ್ಲ? ಪಕ್ಕೆಲುಬುಗಳ ನಡುವೆ ಕುಯ್ದು, ಅಗಲಿಸಿ, ವಾರಗಟ್ಟಲೆ ಉಸಿರೆಳೆದರೂ ನೋವು, ಕೆಲವರಿಗೆ ವರ್ಷಗಟ್ಟಲೆ. ಅದನ್ನೆಲ್ಲ ಅನುಭವಿಸಿ, ಬ್ಯಾಂಕಿನಲ್ಲಿದ್ದದ್ದನ್ನು ಬರಿದು ಮಾಡಿಕೊಂಡು, ಕೊನೆಗೆ ಏನೂ ಪ್ರಯೋಜನವಾಗಲಿಲ್ಲ ಎಂದು ಕೇಳುವ ಮನೆಯವರ ಮುಖ ನೆನೆಯಿರಿ. ಡೆನ್ಮಾರ್ಕಿನವರು 189 ಜನರ ಮೇಲೆ ಇಂಥದೇ ಅಧ್ಯಯನ ನಡೆಸಿ 2009ರಲ್ಲಿ ಪ್ರಕಟಿಸಿದರು. ಅಲ್ಲಿ ಪೆಟ್-ಸಿ.ಟಿ. ಮಾಡಿದ 98 ಜನರಲ್ಲಿ ಎದೆ ತೆರೆದದ್ದು 60 ಮಂದಿಗೆ, ವ್ಯರ್ಥವಾದದ್ದು 21. ಮಾಡದ 91 ಜನರಲ್ಲಿ 73 ಮಂದಿಗೆ ಎದೆ ತೆರೆದರು, ವ್ಯರ್ಥವಾದದ್ದು 38. ಎರಡೂ ಗುಂಪುಗಳ ಆಯುಸ್ಸು ಹೆಚ್ಚುಕಡಿಮೆ ಒಂದೇ. ಬದುಕು ಉದ್ದವಾಗದಿದ್ದರೆ ಇಷ್ಟು ದುಬಾರಿ ಯಂತ್ರ ಯಾಕೆ ಎಂದು ಕೇಳುವವರಿದ್ದಾರೆ. ನಾನು ಆ ವಾದವನ್ನು ಒಪ್ಪುವುದಿಲ್ಲ. ಗುಣವಾಗದ ರೋಗಿಯ ಉಳಿದ ತಿಂಗಳುಗಳನ್ನು ಹೊಲಿಗೆ ಬಿಚ್ಚಿಸಿಕೊಳ್ಳುತ್ತಾ ಕಳೆಯದಂತೆ ಮಾಡುವುದು ಸಣ್ಣ ಕೆಲಸವೇ?

ಎಲ್ಲ ಕ್ಯಾನ್ಸರಿನಲ್ಲೂ ಇದೇ ಪವಾಡ ಎಂದುಕೊಳ್ಳಬೇಡಿ. ದೊಡ್ಡ ಕರುಳಿನಿಂದ ಲಿವರಿಗೆ ಹರಡಿದ ಕ್ಯಾನ್ಸರಿಗೆ ಆಪರೇಷನ್ ಮಾಡುವ ಮುನ್ನ ಪೆಟ್-ಸಿ.ಟಿ. ಮಾಡಿದರೆ ಏನಾಗುತ್ತದೆ ಎಂದು ಕೆನಡಾದವರು ನೋಡಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಸ್ಕ್ಯಾನ್ ಆದ 263 ಜನರಲ್ಲಿ ಆಪರೇಷನ್ನಿನ ಯೋಜನೆ ಬದಲಾದದ್ದು 21 ಜನಕ್ಕೆ ಮಾತ್ರ. ಮಂದಗತಿಯಲ್ಲಿ ಬೆಳೆಯುವ ಕೆಲವು ಗಡ್ಡೆಗಳು, ಲೋಳೆ ತುಂಬಿದ ಗಡ್ಡೆಗಳು ಸಕ್ಕರೆಗೆ ಅಷ್ಟಾಗಿ ಆಸೆಪಡುವುದಿಲ್ಲ, ಪೆಟ್ ಕಣ್ಣಿಗೆ ಮಣ್ಣೆರಚಿ ಪಾರಾಗುತ್ತವೆ. ಎಂಟು ಮಿಲಿಮೀಟರಿಗಿಂತ ಸಣ್ಣದು ಕಾಣದೆಯೇ ಹೋಗಬಹುದು. ಮಿದುಳಿಗೆ ಹರಡಿದ್ದನ್ನು ಹುಡುಕಲು ಎಂ.ಆರ್.ಐ. ಬೇಕು, ಯಾಕೆಂದರೆ ಮಿದುಳು ಆಗಲೇ ಹೊಳೆಯುತ್ತಿರುವಾಗ ಅದರೊಳಗೆ ಸಣ್ಣ ಕಿಡಿಯನ್ನು ಹುಡುಕುವುದು ಹೇಗೆ?

ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ಸಕ್ಕರೆಯ ಬಲೆಗೆ ಸುಲಭವಾಗಿ ಬೀಳದ ಜಾತಿ. ವಿಜ್ಞಾನಿಗಳು ಆಮಿಷವನ್ನೇ ಬದಲಿಸಿಬಿಟ್ಟರು! ಆ ಕೋಶಗಳ ಮೈಮೇಲೆ ಪಿ.ಎಸ್.ಎಂ.ಎ. ಎಂಬ ಪ್ರೋಟೀನು ದಟ್ಟವಾಗಿರುತ್ತದೆ, ಅದಕ್ಕೆ ಅಂಟುವ ಅಣುವಿಗೆ ಪಾಸಿಟ್ರಾನ್ ಸೂಸುವ ಗ್ಯಾಲಿಯಂ-68 ಕಟ್ಟಿ ಕಳಿಸಿದರು. ಆಸ್ಟ್ರೇಲಿಯಾದಲ್ಲಿ ಮೆಲ್ಬರ್ನಿನ ಮೈಕೆಲ್ ಹಾಫ್‌ಮನ್ ಮುಂದಾಳತ್ವದಲ್ಲಿ, ಆಪರೇಷನ್ ಅಥವಾ ವಿಕಿರಣ ಚಿಕಿತ್ಸೆಗೆ ಸಿದ್ಧವಾಗಿದ್ದ 302 ಗಂಡಸರ ಮೇಲೆ ಪರೀಕ್ಷೆ ನಡೆಯಿತು. ಹರಡಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಮಾಮೂಲಿ ಸಿ.ಟಿ. ಮತ್ತು ಮೂಳೆ ಸ್ಕ್ಯಾನುಗಳ ನಿಖರತೆ ನೂರಕ್ಕೆ 65, ಹೊಸ ಪೆಟ್ಟಿನದು 92. ಅದು ಪ್ರಕಟವಾದದ್ದು 2020ರಲ್ಲಿ.

ಇನ್ನು ನಮ್ಮ ದೇಶದ ಒಂದು ಮುಖ್ಯ ಮಾತು. ಪೆಟ್ ಯಂತ್ರಕ್ಕೆ ಕಾಣುವುದು ಹಸಿವು. ಕ್ಯಾನ್ಸರಿಗೆ ಮಾತ್ರ ಹಸಿವೆ? ಸೋಂಕಿನ ವಿರುದ್ಧ ಹೋರಾಡುವ ಬಿಳಿರಕ್ತಕಣಗಳಿಗೂ ಹಸಿವು. ಕ್ಷಯದ ಗ್ರಂಥಿ ಪೆಟ್ಟಿನಲ್ಲಿ ಕ್ಯಾನ್ಸರಿನಷ್ಟೇ ಝಗಮಗಿಸುತ್ತದೆ. ಸಾರ್ಕಾಯ್ಡೋಸಿಸ್ ಎಂಬ ರೋಗವೂ ಹಾಗೇ. ಕ್ಷಯ ಇಷ್ಟು ಸಾಮಾನ್ಯವಾಗಿರುವ ನಾಡಿನಲ್ಲಿ, ಎದೆಯ ನಡುವಿನ ಗ್ರಂಥಿ ಬೆಳಗಿತು ಎಂದಾಕ್ಷಣ ಕ್ಯಾನ್ಸರ್ ಹರಡಿದೆ ಎಂದು ಬರೆದುಬಿಟ್ಟರೆ, ಆಪರೇಷನ್ನಿನಿಂದ ಪೂರ್ತಿ ಗುಣವಾಗಬಹುದಾದ ಮನುಷ್ಯನನ್ನು ಬಾಗಿಲಿಂದ ಹಿಂದೆ ಕಳಿಸಿದಂತಾಗುತ್ತದೆ. ಇದು ಬರೀ ಊಹೆಯ ಅಪಾಯವಲ್ಲ. 2009ರ ಇನ್ನೊಂದು ಕೆನಡಾ ಅಧ್ಯಯನದಲ್ಲಿ ಪೆಟ್-ಸಿ.ಟಿ. ಮಾಡಿದ 167 ಶ್ವಾಸಕೋಶದ ರೋಗಿಗಳಲ್ಲಿ 23 ಜನರ ಸ್ಟೇಜು ಮುಂದೆ ಹೋಗಿದೆಯೆಂದು ಸರಿಯಾಗಿಯೇ ಪತ್ತೆಯಾಗಿ ಆಪರೇಷನ್ ತಪ್ಪಿತು. ಆದರೆ ಅದೇ ಗುಂಪಿನ 8 ಜನರಿಗೆ ಇಲ್ಲದ ಸ್ಟೇಜು ತಪ್ಪಾಗಿ ಹೆಚ್ಚಿತ್ತು.

ಅದಕ್ಕೇ ಒಳ್ಳೆಯ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಪೆಟ್ ತೋರಿಸಿದ ಕಡೆ ಸೂಜಿ ಹೋಗುತ್ತದೆ. ಶ್ವಾಸನಾಳದೊಳಗೆ ತೆಳ್ಳನೆಯ ಕೊಳವೆ ಇಳಿಸಿ, ಅದರ ತುದಿಯ ಅಲ್ಟ್ರಾಸೌಂಡಿನಲ್ಲಿ ಗ್ರಂಥಿಯನ್ನು ನೋಡುತ್ತಲೇ ಚುಚ್ಚಿ, ನಾಲ್ಕು ಜೀವಕೋಶ ಹೊರತಂದು ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಎಲ್ಲಿ ಚುಚ್ಚಬೇಕು ಎಂದು ಬೆಳಕು ಹೇಳುತ್ತದೆ, ಏನದು ಎಂದು ಕೋಶ ಹೇಳುತ್ತದೆ.

ನಿಮಗೋ ನಿಮ್ಮ ಮನೆಯವರಿಗೋ ಆಪರೇಷನ್ನಿಗೆ ಮುಂಚೆ ಪೆಟ್ ಸ್ಕ್ಯಾನ್ ಬರೆದುಕೊಟ್ಟರೆ, ಸಕ್ಕರೆ ಕಾಯಿಲೆ ಇದ್ದರೆ, ಯಾವ ಮಾತ್ರೆ ನುಂಗುತ್ತೀರಿ ಎಂಬುದನ್ನೂ ಸೇರಿಸಿ, ಸಮಯ ಗೊತ್ತುಮಾಡುವಾಗಲೇ ಹೇಳಿ. ರಕ್ತದ ಸಕ್ಕರೆ 200 ದಾಟಿದ್ದರೆ ಸಾಮಾನ್ಯವಾಗಿ ಸ್ಕ್ಯಾನ್ ಮುಂದೂಡುತ್ತಾರೆ. ಹಿಂದೆ ಎಂದಾದರೂ ಕ್ಷಯ ಬಂದಿದ್ದರೆ ಮುಚ್ಚಿಡಬೇಡಿ, ಎಷ್ಟು ವರ್ಷ ಹಳೆಯದಾದರೂ ಸರಿ. ಸ್ಕ್ಯಾನ್ ಮುಗಿದ ಮೇಲೆ ಬೇಕಾದಷ್ಟು ನೀರು ಕುಡಿಯಿರಿ, ಆ ದಿನ ಕೆಲವು ಗಂಟೆ ಬಸುರಿಯರಿಂದ, ಎಳೆ ಮಕ್ಕಳಿಂದ ದೂರವಿರಿ. ವರದಿ ಬಂದು, ದೂರದಲ್ಲಿ ಎಲ್ಲೋ ಒಂದೇ ಒಂದು ಚುಕ್ಕೆ ಹೊಳೆದಿದೆ, ಹಾಗಾಗಿ ಆಪರೇಷನ್ ಆಗುವುದಿಲ್ಲ ಎಂದರೆ, ಆ ಚುಕ್ಕೆಯ ಬಯಾಪ್ಸಿ ಆಗಿದೆಯೇ ಎಂದು ಕೇಳಿ. ಆಗಿಲ್ಲ ಎಂದರೆ ಯಾಕೆ ಎಂದು ಇನ್ನೊಮ್ಮೆ ಕೇಳಿ.